ನಾಯಿಯ ಹೆಸರು

ಬೀಗ ಮುರಿಯಲಿಲ್ಲ ನಾನು. ಮೊದಲೇ ಹೇಳಿಬಿಡುತ್ತೇನೆ.
ನಾಯಿಯ ಹೆಸರು, ಅದು ಮನೆಗೆ ಬಂದ ವರ್ಷ:
ಬ್ರೋಲಿ, ಎರಡು ಸಾವಿರದ ಹನ್ನೊಂದು.
ಫೋಟೊದ ಕೆಳಗೆ ತಾನೇ ಬರೆದಿದ್ದಳು,
ಚಿಲಕ ಎಲ್ಲಿದೆಯೆಂದು ತೋರಿಸಿ ಮಲಗಿದವಳ ಹಾಗೆ.

ಕುತಾಯಿಸಿ ಊರು. ರಿಯೋನಿ ಹೊಳೆ ಬಿಳಿಗಲ್ಲುಗಳನ್ನು
ಬೈದುಕೊಂಡು ಹರಿಯುವ ಮಾರ್ಚ್ ತಿಂಗಳು.
ಐದನೇ ಮಹಡಿ, ಕೆಟ್ಟ ಲಿಫ್ಟು, ಅಡುಗೆಮನೆಯ ಮೇಜು,
ನಾನು, ಲ್ಯಾಪ್‌ಟಾಪು, ತಣ್ಣಗಾದ ಖಾಚಾಪುರಿ.
ಹೆಂಗಸಿನ ಹೆಸರು ತ್ಸಿಯಾಲ. ಅರವತ್ತೆರಡು.
ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ
ಮಕ್ಕಳಿಗೆ ಚೊಂಗುರಿ ನುಡಿಸಲು ಕಲಿಸುತ್ತಾಳೆ.
ನಾಲ್ಕು ತಂತಿ. ಅದರಲ್ಲೊಂದು ಗಿಡ್ಡ.

ನಮಗೂ ನೇಮಗಳಿವೆ, ನಗಬೇಡಿ.
ಆಸ್ಪತ್ರೆ ಮುಟ್ಟೋದಿಲ್ಲ. ಮಕ್ಕಳ ಖಾತೆ ಮುಟ್ಟೋದಿಲ್ಲ.
ನಮ್ಮೂರವರನ್ನು ಮುಟ್ಟೋದಿಲ್ಲ ಅಂತಲೂ ಒಂದಿತ್ತು,
ಬಾಡಿಗೆ ಏರಿದ ತಿಂಗಳು ಅದು ಬಿದ್ದುಹೋಯಿತು.
ಗೆಳೆಯ ಬಾದ್ರಿ ಮೇಲಿನ ದರ್ಜೆಯವನು:
ಬ್ಯಾಂಕಿನ ಕಿಂಡಿ ಹುಡುಕಿ ಬ್ಯಾಂಕಿಗೇ ತೋರಿಸುತ್ತಾನೆ,
ಅವರು ಕೊಟ್ಟ ಟೀ ಶರ್ಟ್ ಹಾಕಿಕೊಂಡು ತಿರುಗುತ್ತಾನೆ.
ಇಬ್ಬರೂ ಒಂದೇ ಕಿಟಕಿಯಲ್ಲಿ ಇಣುಕುವವರು;
ಅವನು ಕದ ತಟ್ಟಿ ಹೇಳುತ್ತಾನೆ, ನಾನು ಹೇಳುವುದಿಲ್ಲ.
ಅಷ್ಟೇ ಅಂತರ.
ಅಷ್ಟು ಅಂತರ.

ಅವಳ ಹೆಸರಲ್ಲಿ ಎಲ್ಲರಿಗೂ ಬರೆದೆ:
ಪರ್ಸು ಕಳೆದುಹೋಯಿತು, ಇನ್ನೂರು ಕಳಿಸು, ನಾಳೆ ಕೊಡುತ್ತೇನೆ.
ಅವಳ ದನಿ ಕದಿಯಲು ಹಳೆಯ ಮಾತೆಲ್ಲ ಓದಿದೆ,
"ನನ್ನ ಬಂಗಾರ" ಎಲ್ಲಿ ಬರುತ್ತದೆ,
ಎಲ್ಲಿ ಚುಕ್ಕಿ ಇಡದೆ ಬಿಡುತ್ತಾಳೆ.
ಎರಡು ಗಂಟೆಯಲ್ಲಿ ನಾನು ಅವಳಷ್ಟೇ ಅವಳಾಗಿದ್ದೆ.
ತ್ಬಿಲಿಸಿಯ ಒಬ್ಬ ಸೋದರತ್ತೆ ಐವತ್ತು ಕಳಿಸಿದಳು,
ಇಷ್ಟೇ ಇರೋದು, ಬೇಜಾರು ಮಾಡ್ಕೋಬೇಡ ಅಂತ.

ಆಗ ಸಣ್ಣ ಸದ್ದು.
ಕಳಿಸಿದವನು: ನೋದಾರ್. ಮೀಸೆ, ಉಣ್ಣೆಯ ಟೋಪಿ, ಕಂಕುಳಲ್ಲಿ ಮರಿ ಬ್ರೋಲಿ.
ಈ ನೋದಾರನ ಪುಟದಲ್ಲಿ ಮೂರು ವರ್ಷದ ಹಿಂದೆ
ಜನ ಹಚ್ಚಿದ್ದ ಮೇಣದಬತ್ತಿಗಳ ಚಿತ್ರಗಳನ್ನು
ಆಗಲೇ ದಾಟಿ ಬಂದಿದ್ದೆ.
ಸತ್ತವನು ಕೇಳಿದ:
"ಯಾರಪ್ಪ ನೀನು, ನನ್ನ ಹೆಂಡತಿಯ ಹೆಸರಲ್ಲಿ ಕೂತವನು?"

ಕೈ ತಾನಾಗಿ ಮೇಜಿನಿಂದ ಜಾರಿತು.
ಆಮೇಲೆ ಹೊಳೆಯಿತು: ಗಂಡನ ಬೀಗದಕೈ ಅವಳ ಹತ್ತಿರ ಇದೆ.
ಮುಂಬಾಗಿಲಲ್ಲಿ ನಾನು ಕೂತಿರುವಾಗ
ಸತ್ತವನ ಹಿತ್ತಿಲಿಂದ ಬಂದು ಕರೆಯುತ್ತಿದ್ದಾಳೆ.

"ನನ್ನ ಹತ್ತಿರ ದುಡ್ಡಿಲ್ಲ," ಬರೆದಳು ಅವನ ಮೀಸೆಯ ಹಿಂದಿನಿಂದ.
"ಗುರುವಾರದ ಪಾಠ ನಾಲ್ಕಕ್ಕಲ್ಲ, ಐದಕ್ಕೆ.
ಒಂಬತ್ತು ಮಕ್ಕಳ ಮನೆಯವರೂ ಈಗ ನಿನ್ನ ಕೈಯಲ್ಲಿದ್ದಾರೆ.
ತಿಳಿಸು. ಇಲ್ಲದಿದ್ದರೆ ಚಳಿಯಲ್ಲಿ ಹೊರಗೆ ನಿಲ್ಲುತ್ತವೆ."
ಬೈಗುಳಕ್ಕೆ ಕಾದೆ. ಶಾಪಕ್ಕೆ ಕಾದೆ.
ಶಾಪಕ್ಕಾದರೆ ನನ್ನಲ್ಲಿ ಉತ್ತರ ತಯಾರಿತ್ತು.
ಗುರುವಾರಕ್ಕೆ ಇರಲಿಲ್ಲ.

ಬರೆದೆ. ಒಂಬತ್ತು ಸಲ. ಒಂದೊಂದು ಹೆಸರೂ ಸರಿಯಾಗಿ.
ಆ ರಾತ್ರಿ ಅವಳ ಬಾಯಲ್ಲಿ ನಾನಾಡಿದ ನಿಜ ಅದೊಂದೇ,
ಅದೂ ಅವಳದೇ ಮಾತು.

ಖಾತೆ ಬಿಟ್ಟುಕೊಟ್ಟೆ. ಹೊಗಳಬೇಡಿ.
ಸೋದರತ್ತೆಯ ಐವತ್ತು ಹಿಂದಿರುಗಲಿಲ್ಲ,
ಅದರಲ್ಲಿ ಇಂಟರ್‌ನೆಟ್ ಬಿಲ್ಲು ಕಟ್ಟಿದೆ.
ಮರುವಾರ ಬತುಮಿಯ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದ.
ಬಾದ್ರಿ ಎಲ್ಲ ಕೇಳಿ ಒಂದೇ ಮಾತು ಕೇಳಿದ:
"ಬೀಗ ಎಷ್ಟು ಸಡಿಲ ಅಂತ ಅವಳಿಗೆ ಹೇಳಿದೆಯಾ?"

ಏಪ್ರಿಲ್‌ನಲ್ಲೊಂದು ರಾತ್ರಿ, ನಿದ್ದೆ ಬಾರದೆ, ಒತ್ತಿ ನೋಡಿದೆ.
ಬ್ರೋಲಿ, ಎರಡು ಸಾವಿರದ ಹನ್ನೆರಡು.
ತೆರೆಯಿತು.
ಬರೀ ಒಂದು ವರ್ಷ ಆಚೆ ಸರಿದಿದ್ದಳು.
ನೋದಾರನಿಗೆ ಅವಳು ಬರೆದದ್ದು ಮೇಲೆಯೇ ಇತ್ತು:
ಅಕ್ರೋಟಿನ ಬೆಲೆ, ಮೊಣಕಾಲು,
ಗಿಡ್ಡ ತಂತಿ ಮತ್ತೆ ಹರಿದದ್ದು.
ಓದಲಿಲ್ಲವೆಂದರೆ ಸುಳ್ಳು. ಮೂರು ಸಾಲು ಓದಿ ಹೊರಬಂದೆ.

ಹೊರಗೆ ಐದು ಗಂಟೆಯ ಮೊದಲ ವ್ಯಾನು ಕೆಮ್ಮುತ್ತಿತ್ತು.
"ನಿಮ್ಮ ನಾಯಿಯ ಹೆಸರು ಊರಿಗೆಲ್ಲ ಗೊತ್ತು, ತ್ಸಿಯಾಲ ಅವರೇ"
ಎಂದು ಬರೆದು,
ಯಾವ ಖಾತೆಯಿಂದ ಕಳಿಸುವುದೆಂದು ಹುಡುಕಿದೆ.
ಡಾಕ್ಟರದಿತ್ತು. ಒಬ್ಬ ನರ್ತಕಿಯದು. ಒಂದು ಹೂವಿನಂಗಡಿಯದು.
ನನ್ನ ಹೆಸರಿನದು ಒಂದೂ ಇರಲಿಲ್ಲ.