ಸೊನ್ನೆ ಮೀಟರ್

ಮಾರಿಕುಪ್ಪಂ ಸ್ಟೇಷನ್ನಿನ ಹಳದಿ ಹಲಗೆಯಲ್ಲಿ
ಊರಿನ ಹೆಸರಿನಡಿ, ಯಾರೂ ಓದದ ಒಂದು ಸಾಲು:
ಸಮುದ್ರ ಮಟ್ಟದಿಂದ ಎಂಟುನೂರ ಚಿಲ್ಲರೆ ಮೀಟರ್.

ನಮ್ಮೂರಿಗೆ ತಾನಾಗಿ ಬಂದ ಸಮುದ್ರ ಅಷ್ಟೇ.
ಉಳಿದದ್ದು ಯತಿರಾಜು ಮಾವ ತಂದದ್ದು.

ವೈಜಾಗಿನಲ್ಲಿ ಹದಿನೈದು ವರ್ಷ ಹಡಗಿನ ಸಿಗ್ನಲ್‌ಮನ್.
ಬರುವಾಗ ಟ್ರಂಕಿನಲ್ಲಿ ಒಂದು ಬಿಳಿ ಟೋಪಿ,
ಹಿತ್ತಾಳೆ ಗುಂಡಿ ಏಳು
(ಎಂಟನೆಯದು ಬಂಗಾಳಕೊಲ್ಲಿಯ ತಳದಲ್ಲೆಲ್ಲೋ),
ಮತ್ತೆ ಗಟ್ಟಿ ನೆಲದ ಮೇಲೂ
ಕಾಲಗಲಿಸಿ ನಡೆಯುವ ಚಾಳಿ.
ಅಂಗಡಿಯ ಅಂದಾಣಿ ರೇಗಿಸುತ್ತಿದ್ದ:
"ಏನ್ ಯತಿರಾಜು, ಇವತ್ತು ಅಲೆ ಜೋರಾ?"

ಸಂಜೆ ಸೈನೈಡ್ ದಿಬ್ಬ ಹತ್ತುತ್ತಿದ್ದೆವು.
ನೂರು ವರ್ಷ ಕಲ್ಲು ಅರೆದು, ಚಿನ್ನ ಸೋಸಿ
ಚೆಲ್ಲಿದ ಬೂದು ಮರಳು,
ಮೇಲೆ ಗಾಳಿ ಬಾಚಿದ ಗೆರೆ.
"ಥೇಟ್ ಕಡಲ ದಂಡೆ," ಅನ್ನುತ್ತಿದ್ದ ಮಾವ,
"ನೀರು ಬರೋದೊಂದು ತಡ ಆಗಿದೆ."

ರಾಜ್ಯೋತ್ಸವ ಮುಗಿದ ಮೇಲೆ ಸಿಕ್ಕ ಬಾವುಟಗಳನ್ನ
ಓರೆಗೆ ಕತ್ತರಿಸಿ, ಮತ್ತೆ ಹೊಲಿದು
ಕೈಗೊಂದು ಹಿಡಿದ.
ನೇವಿಯ ಸಂಕೇತ ಇಂಗ್ಲಿಷಿನದು,
ನಮಗೆಂದು ಕನ್ನಡದ್ದು ಕಟ್ಟಿದ:
ಬಲಗೈ ಅಕ್ಷರ, ಎಡಗೈ ಕಾಗುಣಿತ,
ಒತ್ತಕ್ಷರ ಬಂದರೆ ಒಂದು ಕಾಲು ಎತ್ತಬೇಕು.
"ಎರಡು ಒತ್ತು ಬಂದ್ರೆ?" ಅಂದಳು ಸೆಲ್ವಿ.
"ಬೀಳೋದು," ಅಂದ ಮಾವ.

ಕುಪ್ಪಣ್ಣ ತಾತ ಕಡಲು ಕಂಡವನಲ್ಲ.
ಅವನ ನೀರು ಶಿಫ್ಟಿಗೆ ಒಯ್ಯುವ
ತಗಡಿನ ಬಾಟಲಿಯಷ್ಟು.
ಒಂದು ದಿನ ಮಾವ ನನ್ನ ಸ್ಲೇಟು ಕಸಿದು
ಲೆಕ್ಕ ಹಾಕಿದ:
ಗಣಿಯ ಆಳ ಮೂರು ಸಾವಿರದ ಇನ್ನೂರು,
ಸ್ಟೇಷನ್ನಿನ ಅಂಕಿ ಕಳೆ.
ಕಳೆದೆ.
ಬಳಪ ಕೆಳಗಿಟ್ಟು ಸುಮ್ಮನೆ ಕೂತ.
"ಸಮುದ್ರದ ಮಟ್ಟಕ್ಕಿಂತ
ಎರಡು ಸಾವಿರದ ಮುನ್ನೂರು ಮೀಟರ್ ಕೆಳಗೆ
ನಿಮ್ಮ ತಾತ ಮೂವತ್ತು ವರ್ಷ ದುಡಿದ ಕಣೇ.
ನಮ್ಮ ಸಬ್‌ಮೆರೀನು ಅದರ ಅರ್ಧಕ್ಕಿಳಿದರೂ ಸುಕ್ಕಾದ ತಗಡು.
ನಾನು ಸುಮ್ಮನೆ ಮೀಸೆ ತಿರುವಿದೆ."
ತಾತ ಜಗಲಿಯಲ್ಲಿ ಕೆಮ್ಮಿ ಮುಗಿಸಿ ಹೇಳಿದ:
"ಬೆಂಕಿಯಂಥ ಸೆಕೆ. ಮೀನು ಒಂದೂ ಸಿಗಲಿಲ್ಲ."

ಆಮೇಲೆ ಗಣಿ ಮುಚ್ಚಿತು.
ಪಂಪು ನಿಂತವು.
ಕತ್ತಲಲ್ಲಿ ನೀರು ಮಜಲು ಮಜಲಾಗಿ ಏರುತ್ತಿದೆ ಅಂದರು.
ಅವತ್ತಿನಿಂದ ಮಾವ ಒಬ್ಬನೇ ದಿಬ್ಬದ ಮೇಲೆ,
ಬೇರಿಂಗು ತುಕ್ಕು ಹಿಡಿದ ಶಾಫ್ಟಿನ ಚಕ್ರದ ಕಡೆ ಮುಖ,
ಅರವತ್ತರ ಕಾಲು ಒಂದು ಗಾಳಿಯಲ್ಲಿ:
ಇದ್ದೀರಾ?

ಯಾರನ್ನ ಕೇಳಿದ ಅಂತ ನಾವು ಕೇಳಲಿಲ್ಲ.
ಬಂಡೆ ಸಿಡಿದ ರಾತ್ರಿಗಳಲ್ಲಿ
ಮನೆಮನೆಯ ಪಾತ್ರೆ ನಡುಗಿದ್ದು
ನಮಗೂ ನೆನಪಿತ್ತು.

ಮೊನ್ನೆ ಅತ್ತೆಯ ಪಿಂಚಣಿ ಕಾಗದಕ್ಕೊಂದು ಮೊಹರು ಬೇಕಾಗಿ
ವೈಜಾಗಿಗೆ ಹೋಗಿದ್ದೆ.
ಗುಡ್ಡದ ಮೇಲೆ ದೀಪಸ್ತಂಭ,
ಮರಳಿಗೆ ಎಳೆದು ನಿಲ್ಲಿಸಿದ ಸಬ್‌ಮೆರೀನು,
ನೋಡಲು ಟಿಕೆಟ್ಟು. ಹೊಟ್ಟೆಯೊಳಗೆ ನಡೆದೆ;
ಮಂಚಗಳು ನಮ್ಮ ಲೈನ್ ಮನೆಯ ಮಂಚಗಳಷ್ಟೇ ಇಕ್ಕಟ್ಟು.

ಬಂದರಿನ ಮೂಲೆಯಲ್ಲಿ ಬೀಗ ಹಾಕಿದ ಪುಟ್ಟ ಕೋಣೆ.
ಒಳಗೆ ಬಾವಿಯಂಥ ಕೊಳವೆ, ಅದರಲ್ಲೊಂದು ಬುರುಡೆ
ಅಲೆಯ ಜೊತೆ ಏರಿ ಇಳಿದು
ಗೆರೆ ಬರೆಯುತ್ತದಂತೆ.
ಕಾವಲುಗಾರ ಬೀಡಿ ಹಚ್ಚಿ ಹೇಳಿದ:
"ಇಂಥ ಗೆರೆಗಳನ್ನೆಲ್ಲ ಕೂಡಿಸಿ ಭಾಗಿಸಿದ್ರೆ
ಸೊನ್ನೆ ಬರುತ್ತೆ. ದೇಶಕ್ಕೆಲ್ಲ ಅದೇ ಲೆಕ್ಕ."

ಸಂಜೆ ಚಪ್ಪಲಿ ಕಳಚಿ ಸೊನ್ನೆಯಲ್ಲಿ ನಿಂತೆ.
ನೀರಿಗೆ ಬೆನ್ನು, ಮುಖ ನೈಋತ್ಯಕ್ಕೆ.
ಎಡಗೈಯಲ್ಲಿ ಫೈಲು, ಬಲಗೈಯಲ್ಲಿ ದುಪಟ್ಟಾ.
ಇ ಅಂದೆ.
ದ್ದೀಗೆ ಕಾಲೆತ್ತಿದೆ,
ಹಿಂದಿನಿಂದ ಬಂತೊಂದು ಅಲೆ.

ಕಡಲೆಕಾಯಿ ಮಾರುವ ಹುಡುಗ ನಕ್ಕ.
ಫೈಲು ನೆನೆಯಲಿಲ್ಲ.
ವಿ ಇನ್ನೂ ಬಾಕಿ.