ಪಡೆದವರ ಸಹಿ

ಮೂವತ್ತೊಂದು ವರ್ಷ ಕಲ್ಲಿದ್ದಲು ತೂಗಿದವಳು ನಾನು,
ಉತ್ತರ ಬೊಹೀಮಿಯಾದ ಒಂದು ಗಣಿಯ ಬಾಗಿಲಲ್ಲಿ.
ವ್ಯಾಗನ್ನು ಬಂದು ನಿಲ್ಲುತ್ತಿತ್ತು. ಮುಳ್ಳು ಅತ್ತಿತ್ತ ತೊನೆದು
ಒಂದು ಮಾತಿಗೆ ನಿಲ್ಲುತ್ತಿತ್ತು.
ಮೊದಲು ದಡೆ ಕಳೆಯಬೇಕು: ಕಬ್ಬಿಣದ್ದು, ಚಕ್ರದ್ದು,
ಚಳಿಗಾಲದಲ್ಲಿ ಮೇಲೆ ಕೂತ ಹಿಮದ್ದೂ
(ಅದಕ್ಕೊಂದು ಜಗಳವೇ ಆಗಿತ್ತು ಒಮ್ಮೆ, ಬಿಡಿ).
ಉಳಿದದ್ದು ಕಲ್ಲಿದ್ದಲು.
ಕೊಟ್ಟವರ ಸಹಿ. ಪಡೆದವರ ಸಹಿ.

ನಾನು ಹುಟ್ಟಿದ ಹಳ್ಳಿಯನ್ನೂ ನಾನೇ ತೂಗಿದೆ:
ಚರ್ಚಿನ ಅಡಿಯದು, ಶಾಲೆಯ ಅಡಿಯದು,
ಬಾವಿಕಟ್ಟೆಯ ಅಡಿಯದು ಎರಡೂವರೆ ವ್ಯಾಗನ್ನು.

ಈಗ ಮೊಮ್ಮಗಳು ವೆಂದುಲಾ ಬಂದಿದ್ದಾಳೆ ದಕ್ಷಿಣದಿಂದ,
ಬಿಳಿ ಗೋಪುರಗಳು ದಿನವಿಡೀ ಮೋಡ ನೂಲುವ ಊರಿಂದ.
ರಿಯಾಕ್ಟರಿನ ಪಾಳಿ ಅವಳದು.
ಸೆರಗಿಗೆ ಕೆಂಡ ಕಟ್ಟಿಕೊಂಡಳಲ್ಲ ಹುಡುಗಿ ಎಂದಿದ್ದೆ.
ಅವಳು ವಿದ್ಯುತ್ ಬಿಲ್ಲಿನ ಬೆನ್ನಿಗೆ ಬರೆದು ತೋರಿಸುತ್ತಾಳೆ,
ಇಷ್ಟು ಬೆಳಕಿಗೆ ಇಷ್ಟು ಹೆಣ:
ಎಲ್ಲರಿಗಿಂತ ಮೇಲೆ ನನ್ನ ಕಲ್ಲಿದ್ದಲು,
ಆಮೇಲೆ ಗ್ಯಾಸು, ಒಡೆದ ಅಣೆಕಟ್ಟು,
ಪಕ್ಕದ ಮನೆ ಮಾಡಿಗೆ ಸೌರಫಲಕ ಹಾಕಲು ಹೋಗಿ
ಸೊಂಟ ಮುರಿದುಕೊಂಡ ರದೋವಾನನ ಹೆಸರೂ ಉಂಟು, ತಮಾಷೆಗೆ.
ತಳದಲ್ಲಿ ಗಾಳಿ, ಬಿಸಿಲು, ಇವಳ ಗೋಪುರ,
ಮೂವರೂ ಒಂದೇ ಬೆಂಚಿನಲ್ಲಿ.

ಸುಳ್ಳಲ್ಲ. ನನಗೆ ಗೊತ್ತು.
ಎದೆಗೆ ಸಿಕ್ಕಿಸುವ ಬಿಲ್ಲೆಯೊಂದಿದೆ ಇವಳಿಗೆ,
ಎಷ್ಟು ತಾಗಿತೆಂದು ತಿಂಗಳು ತಿಂಗಳು ಓದುತ್ತಾರಂತೆ.
ಓಲ್ದ್ರಿಖನಿಗೆ ಅಂಥದೇನೂ ಇರಲಿಲ್ಲ,
ಅವನ ಎದೆಯೇ ಬಿಲ್ಲೆ.
ಕೊನೆಗೆ ಆಸ್ಪತ್ರೆಯಲ್ಲಿ ಬೆಳಕಿಗೆ ಹಿಡಿದು ಓದಿದರು.
ಮಕ್ಕಳು ಬಾಯಿಗೆ ಬಟ್ಟೆ ಕಟ್ಟಿ ಶಾಲೆಗೆ ಹೋದ ಜನವರಿಗಳು,
ಒಣಗುವಷ್ಟರಲ್ಲೇ ಮತ್ತೆ ಒಗೆಯಬೇಕಾದ ಹಾಸುಗಳು.
ಅವರ ಊರಲ್ಲಿ ಮನೆಮನೆಗೆ ಅಯೋಡಿನ್ ಮಾತ್ರೆ,
ಅದರ ಮೇಲೆ ಅವಧಿ ಮುಗಿಯುವ ತಾರೀಖು.
ನನ್ನ ಗಂಡನ ಕೆಮ್ಮಿಗೆ
ಯಾರೂ ಸೈರನ್ ಊದಲಿಲ್ಲ.

ಆದರೂ ವೆಂದುಲಾ,
ನನ್ನ ಬೂದಿ ಒಂದು ರಾತ್ರಿಗೆ ತಣ್ಣಗಾಗುತ್ತಿತ್ತು.
ಹಳ್ಳಿ ಇದ್ದ ಗುಂಡಿಯಲ್ಲೀಗ ಕೆರೆ ತುಂಬುತ್ತಿದೆ,
ಬಾತುಕೋಳಿಗಳು ಬಂದಿವೆ, ಅವಕ್ಕೆ ನಮ್ಮ ಹಗೆ ಗೊತ್ತಿಲ್ಲ.
ನೀವು ನೀರಿನಲ್ಲಿ ಮುಳುಗಿಸಿಟ್ಟ ಕಡ್ಡಿಗಳು?
ಅವಕ್ಕೆ ಎಷ್ಟು ರಾತ್ರಿ?
ನಮ್ಮ ಭಾಷೆ ಸತ್ತ ಮೇಲೆ ಹುಟ್ಟುವವನಿಗೆ
ಇದನ್ನು ಅಗೆಯಬೇಡ ಮಗಾ ಎನ್ನುವುದು ಯಾವ ಮಾತಿನಲ್ಲಿ?
ತೂಕ ಕಡಿಮೆಯೇ, ಒಪ್ಪಿದೆ.
ಒಂದು ಹಿಡಿ.
ನನ್ನ ತಕ್ಕಡಿಯಲ್ಲಿ ಮುಳ್ಳೂ ಅಲುಗದು.
ಆದರೆ ಪಡೆದವರ ಸಹಿ ಎಲ್ಲಿ?

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ,
"ಹೊಗೆಗೆ ಯಾರ ಸಹಿ ತಗೊಂಡಿದ್ದೆ ಅಜ್ಜಿ?"

ಹಿಟ್ಟಿನ ಕೈಯಲ್ಲೇ ನಿಂತೆ.
ತಿಂಗಳ ಮೊದಲ ಬುಧವಾರ, ಮಧ್ಯಾಹ್ನ ಹನ್ನೆರಡು:
ದೇಶಕ್ಕೆಲ್ಲ ಒಂದೇ ಬಾರಿಗೆ ಪರೀಕ್ಷೆಯ ಸೈರನ್ ಕೂಗಿತು.
ನಾಯಿ ತಲೆಯೆತ್ತಿ ಮತ್ತೆ ಮಲಗಿತು.
ವೆಂದುಲಾ ಗಡಿಯಾರ ನೋಡಿಕೊಂಡಳು, ಅಭ್ಯಾಸ.

ಕೂಗು ನಿಂತ ಮೇಲೆ ಬಿಲ್ಲಿನ ಬೆನ್ನಿಗೆ ಎರಡು ಗೆರೆ ಎಳೆದು
ಬಲಗಡೆ ತನ್ನ ಹೆಸರು ಬರೆದಳು.
ಅದು ನಿನ್ನ ಜಾಗವಲ್ಲ, ನೀನು ಕೊಟ್ಟವಳು ಎಂದೆ.
"ಎರಡೂ" ಎಂದಳು,
ಕಾಗದ ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟಳು.

ಅಲ್ಲೇ ಇದೆ ಇನ್ನೂ.
ಬಿಲ್ಲು ಕಟ್ಟುವ ಕೊನೆಯ ದಿನ ಶುಕ್ರವಾರ.