ಒಡೆಯದ ಅರಗು

ಮೊದಲನೆಯದನ್ನು ಕೊಂಡದ್ದು ಓದಲಿಕ್ಕಲ್ಲ.
ಲಿಂಕನ್‌ಶೈರಿನ ಲೌತ್ ಊರಿನ ಹರಾಜಿನಲ್ಲಿ
ಒಂದು ಪೆಟ್ಟಿಗೆ ತುಕ್ಕು ಸ್ಪ್ಯಾನರುಗಳ ಅಡಿಯಲ್ಲಿ
ಅದೂ ಬಂದಿತ್ತು, ಬಿಟ್ಟಿ:
ಬಿಷಪ್ ಜೋಸಾಯಾ ಥರ್ಲ್‌ವೆಲ್ಲರ ಪ್ರವಚನಗಳು, ಸಂಪುಟ ಎರಡು,
ಕರುವಿನ ಚರ್ಮದ ರಟ್ಟು, ಬೆನ್ನು ಮುರಿದದ್ದು.
ಮೂರು ವಾರ ಅಡುಗೆಮನೆ ಮೇಜಿನ ಕುಂಟುಕಾಲಿಗೆ
ಊರುಗೋಲಾಗಿತ್ತು.
ನೆಲ ಒರೆಸುವಾಗ ಹಿಲ್ಡಾ ಎತ್ತಿದಳು, ತೆರೆದಳು, ಗಟ್ಟಿಯಾಗಿ ಓದಿದಳು:
'ಕೊಡುವ ಕೈ ತಡಮಾಡಿದರೆ ಅರ್ಧ ಕಸಿದುಕೊಂಡಂತೆ.'
'ಚೆನ್ನಾಗಿದೆ,' ಅಂದೆ. ಮೇಜು ಮತ್ತೆ ಕುಂಟಿತು.

ಮೂವತ್ತೊಂದು ವರ್ಷ ರೈಲಿಗೆ ಸಿಗ್ನಲ್ ಎಳೆದವನು ನಾನು.
ಚರ್ಚಿಗೆ ಹೋಗುವವನಲ್ಲ, ಮದುವೆ, ಮಣ್ಣು ಬಿಟ್ಟರೆ.
ಆದರೂ ಸಂಪುಟ ಎರಡಿದ್ದವನಿಗೆ ಒಂದು ಬೇಕೆನಿಸುವುದು
ಎಡಗಾಲಿನ ಬೂಟು ಸಿಕ್ಕವನಿಗೆ ಬಲದ್ದು ಬೇಕೆನಿಸಿದಂತೆ;
ಅದರಲ್ಲಿ ದೇವರ ಕೈವಾಡ ಹುಡುಕಬೇಕಿಲ್ಲ.

ಈಗ ಮಾಳಿಗೆಯ ಕೋಣೆಯಲ್ಲಿ ಪುಸ್ತಕ ನಲವತ್ತಾರು,
ಬಿಷಪ್ಪರ ಮುಖ ಏಳು,
ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದವು.
ಒಬ್ಬ ಕೆತ್ತನೆಗಾರ ಮೂಗನ್ನು ಗಿಡುಗನಿಂದ ತಂದಿದ್ದಾನೆ,
ಇನ್ನೊಬ್ಬ ಆಲೂಗಡ್ಡೆಯಿಂದ.
ಬಿಳಿ ತೋಳುಗಳು ಮಾತ್ರ ಏಳರಲ್ಲೂ ಒಂದೇ,
ಮೋಡ ತುಂಬಿಸಿ ಹೊಲಿದಂತೆ.
ಏಳನೆಯದರ ಎಡಗಣ್ಣನ್ನು ಹುಳು ತಿಂದಿದೆ;
ಅಗ್ಗಕ್ಕೆ ಸಿಕ್ಕಿತು.
ನನ್ನನ್ನು ಸರಿಯಾಗಿ ನೋಡುವುದು ಅದೊಂದೇ.

ಪತ್ರಗಳು ಬಂದ ಮೇಲೆ ಕೆಟ್ಟಿತು.
ಹದಿನಾಲ್ಕು, ಎಲ್ಲವೂ ಟ್ಯಾಬಿತಾ ಕ್ರೌಲ್ ಎಂಬ ವಿಧವೆಗೆ,
ಬಿಷಪ್ಪರ ಜಮೀನಿನ ತುದಿಯ ಗುಡಿಸಲಲ್ಲಿ ಬಾಡಿಗೆಗಿದ್ದವಳಿಗೆ.
'ಮಾಡಿನ ವಿಚಾರ ಮರೆತಿಲ್ಲ.'
'ಸುಗ್ಗಿ ಕಳೆಯಲಿ.'
'ಈಸ್ಟರಿನ ಹೊತ್ತಿಗೆ ಹುಲ್ಲು ಹೊದಿಸುವವರು ಬರುತ್ತಾರೆ, ಖಂಡಿತ.'
'ಕಾಲುನೋವು. ಗುಮಾಸ್ತ ಊರಲ್ಲಿಲ್ಲ. ದೇವರು ನಿನ್ನನ್ನು ಕಾಯಲಿ.'
ಹನ್ನೊಂದು ವರ್ಷ. ಎಷ್ಟು ಚಂದದ ಅಕ್ಷರ!
ಬಾಗಿಲ ಮೇಲೆ ನಾಳೆ ಬಾ ಎಂದು ಬರೆದು
ಮಾರಿಯನ್ನು ಹಿಂದೆ ಕಳಿಸುವವರ ಹಾಗೆ.

ಅವಳ ಉತ್ತರಗಳು ವಿಟ್ಬಿಯಲ್ಲಿದ್ದವು,
ಪ್ರಿಸ್ಕಾ ಆರ್ಮಿಟೇಜಳ ಬಳಿ. ಹಲ್ಲಿನ ಆಸ್ಪತ್ರೆಯ ಲೆಕ್ಕ ಬರೆದು
ನಿವೃತ್ತಳಾದವಳು. ಎಂಟು ವರ್ಷ ಹರಾಜುಗಳಲ್ಲಿ
ನನ್ನ ಬೆನ್ನ ಹಿಂದೆ ಕೈಯೆತ್ತಿದವಳು,
ತಾನು ಗೆದ್ದ ದಿನ ಮಾತ್ರ
ನನಗೊಂದು ಪೆಪ್ಪರ್‌ಮಿಂಟು ಕೊಡುತ್ತಿದ್ದವಳು.
ಕೊನೆಗೊಂದು ನವೆಂಬರಿನಲ್ಲಿ ನಾನೇ ಪೆಟ್ಟಿಗೆ ಹೊತ್ತು ಹೋದೆ.
ಮೇಜಿನ ಆಚೆ ಈಚೆ ಕೂತು ಓದಿದೆವು,
ನಾನು ಬಿಷಪ್, ಅವಳು ವಿಧವೆ,
ನಡುವೆ ಟೀ ಆರುತ್ತಿತ್ತು.
ಟ್ಯಾಬಿತಾಳದು ಕೋಳಿ ಕೆದರಿದ ಬರಹ. ಮಾತೂ ಹೆಚ್ಚಿಲ್ಲ:
'ಒಂದು ಬಕೆಟ್ಟು ಸಾಲುತ್ತಿಲ್ಲ ಸ್ವಾಮಿ.'
ಮರುವರ್ಷ: 'ಹಾಸಿಗೆ ಸರಿಸಿದೆ.'
ಅದರ ಮರುವರ್ಷ: 'ಸರಿಸಲು ಇನ್ನು ಮೂಲೆ ಉಳಿದಿಲ್ಲ.'
ಹನಿ ಹನಿ ಕೂಡಿ ಹಳ್ಳವಾಗುವುದು ಹೀಗೂ ಉಂಟು.
ನನ್ನ ಸರದಿ ಬಂದಾಗ ದನಿ ಹೊರಡಲಿಲ್ಲ.
'ಓದಿ,' ಅಂದಳು ಪ್ರಿಸ್ಕಾ, 'ನಾಚಿಕೆ ನಿಮ್ಮದಲ್ಲವಲ್ಲ.'
ಹಿಲ್ಡಾ ಕೇಳುತ್ತಲೇ ಇರುವ ಬಚ್ಚಲ ಬಾಗಿಲ ಚಿಲಕ ನೆನಪಾಯಿತು.
ನಾಲ್ಕು ವರ್ಷ.

ಕೊನೆಯದು ಕಳೆದ ಮಾರ್ಚಿನಲ್ಲಿ ಸಿಕ್ಕಿತು,
ಇಬ್ಬರೂ ಸೇರಿ ಕೊಂಡೆವು.
ಟ್ಯಾಬಿತಾಳ ಕೈಯ ವಿಳಾಸ,
ಕಪ್ಪಿಗೆ ತಿರುಗಿದ ಕೆಂಪು ಅರಗು,
ಅದರ ಮೇಲೆ ಕೋಟಿನ ಗುಂಡಿ ಒತ್ತಿದ ಮುದ್ರೆ.
ಒಡೆದಿಲ್ಲ.
ಅಷ್ಟರಲ್ಲಿ ಅವರು ಸತ್ತಿದ್ದರೋ,
ಕೈಬರಹ ಗುರುತು ಹಿಡಿದು ಬದಿಗಿಟ್ಟರೋ,
ಯಾರು ಬಲ್ಲರು. ತಾರೀಖು ಒಳಗಿದೆ.

ವ್ಯಾಪಾರಿ ಗ್ಯಾರೋಡ್ ಅಂದ: 'ಒಡೆದರೆ ಅರ್ಧ ಬೆಲೆ.'
ಪ್ರಿಸ್ಕಾ ಅಂದಳು: 'ಇನ್ನೂರು ಚಿಲ್ಲರೆ ವರ್ಷ ಕಾದಿದ್ದಾಳೆ. ಒಡೆಯಿರಿ.'
ಹಿಲ್ಡಾ ದೀಪಕ್ಕೆ ಹಿಡಿದು ನೋಡಿದಳು:
ನಾಲ್ಕೇ ಸಾಲು, ಮಡಿಕೆಯೊಳಗೆ ಒಂದರ ಮೇಲೊಂದು ಮಲಗಿ
ಕಲೆತುಹೋಗಿವೆ.
'ಮಾಡು ಹೊದಿಸಿದ್ದಕ್ಕೆ ಉಪಕಾರವಾಯಿತು ಅಂತಲೂ ಇರಬಹುದು,' ಅಂದಳು.
ಅದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಚಾಕು ಅದರ ಪಕ್ಕದಲ್ಲೇ ಇದೆ. ಜೂನ್ ಬಂತು.
ನಿನ್ನೆ ಪ್ರಿಸ್ಕಾಳಿಗೆ ಬರೆದೆ:
ಮರೆತಿಲ್ಲ, ಬೇಸಿಗೆಯೊಂದು ಕಳೆಯಲಿ,
ಆಮೇಲೆ ಖಂಡಿತ.
ಒಕ್ಕಣ್ಣಿನವರು ಗೋಡೆಯಿಂದ ನೋಡುತ್ತಿದ್ದರು.
ಲಕೋಟೆ ಅಂಟಿಸುವ ಮುನ್ನ ಇನ್ನೊಮ್ಮೆ ಬಿಡಿಸಿ ನೋಡಿದೆ.
ಅಕ್ಷರ ಚಂದ ಬಂದಿತ್ತು.